ಅತ್ತಿಗೆಯ ಕೊಳವೆಗಳು, ನನ್ನ ಕಿವಿ

ನಮ್ಮ ಮನೆಯಲ್ಲಿ ಬಾಯಿ ನನ್ನದು, ಕಿವಿ ಅತ್ತಿಗೆಯದು. ಅಪ್ಪ ಬದುಕಿದ್ದಾಗಲೇ ಆದ ತೀರ್ಮಾನ ಇದು. ಅಪ್ಪನದು ಪೈಪ್ ಆರ್ಗನ್ ಕಟ್ಟುವ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಮನೆಯ ಹಿಂದಿನ ಎತ್ತರದ ಶೆಡ್ಡು. ಕೆಲಸ ಕಲಿಸಲು ಅವರು ಮೊದಲು ಕೂರಿಸಿಕೊಂಡದ್ದು ನನ್ನನ್ನು. ಒಂದು ಕೊಳವೆ ಊದುವಷ್ಟರಲ್ಲಿ ನಾನು ಹತ್ತು ಮಾತಾಡಿರುತ್ತಿದ್ದೆ. "ನೀನು ಬಟ್ಟೆ ಹೊಲಿ ತಾಯೀ, ಬಟ್ಟೆಗೆ ಕಿವಿ ಇಲ್ಲ" ಎಂದು ಕೈಮುಗಿದು ಕಳಿಸಿಬಿಟ್ಟರು. ನಾನು ಹೊಲಿಗೆ ಹಿಡಿದೆ. ಆಮೇಲೆ ಸೊಸೆಯಾಗಿ ಬಂದ ಅತ್ತಿಗೆ, ಮಾವ ಕೆಲಸ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಾ ನೋಡುತ್ತಾ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಆರ್ಗನ್ ಎಂದರೆ ಮಣೆ ಒತ್ತಿದಾಗ ಗಾಳಿ ನುಗ್ಗಿ ನುಡಿಯುವ ಸಾಲು ಸಾಲು ಕೊಳವೆಗಳು, ಒಂದೊಂದು ಸಾಲಿಗೆ ಒಂದೊಂದು ದನಿ. ಕೊಳವೆ ಮಾಡುವುದು ನಮ್ಮಣ್ಣ. ತವರ, ಸೀಸ ಕರಗಿಸಿ ಹಾಳೆ ಎರೆದು, ಹೆರೆದು ನಯ ಮಾಡಿ, ಸುತ್ತಿ ಬೆಸೆಯುತ್ತಾನೆ. ಅಷ್ಟಾದರೂ ಅದು ಮೂಕವೇ. ಅದರ ಬಾಯಿಯನ್ನು ಇಷ್ಟಿಷ್ಟೇ ಕತ್ತರಿಸಿ, ಒಳಗಿನ ಅಂಚಿಗೆ ಸಣ್ಣ ಗೀರು ಹಾಕಿ, ಊದಿ ಊದಿ ಮಾತು ಕಲಿಸುವುದು ಅತ್ತಿಗೆ. "ಹೆರೋದು ನಿಮ್ಮಣ್ಣ, ಮಾತು ಕಲಿಸೋದು ನಾನು. ಇಂಥ ಸಂಸಾರ ಎಲ್ಲಾದ್ರೂ ಉಂಟಾ?" ಎಂದು ಬಂದವರೆದುರು ಅಣ್ಣನನ್ನು ನಾಚಿಸುವುದು ಅವರ ಅಭ್ಯಾಸ.

ಕೊಳವೆಗಳಲ್ಲಿ ಕೆಲವು ಸಾಲು ಕೊಳಲಿನ ಹಾಗೆ ನಟಿಸುತ್ತವೆ, ಕೆಲವು ಪಿಟೀಲಿನ ಹಾಗೆ. ಯಾರ ಅನುಕರಣೆಯೂ ಇಲ್ಲದೆ ಆರ್ಗನ್ನಿನ ಸ್ವಂತ ದನಿಯಲ್ಲಿ ಮಾತಾಡುವ ಸಾಲಿಗೆ ಪ್ರಿನ್ಸಿಪಾಲ್ ಎನ್ನುತ್ತಾರೆ. ಅದೇ ಮನೆಯ ಯಜಮಾನ. ಈ ಯಜಮಾನನ ಸ್ವಭಾವ ಮಾತ್ರ ದೇಶಕ್ಕೊಂದು. ಅದನ್ನು ಅತ್ತಿಗೆ ಊಟದ ಮೇಜಿನ ಮೇಲೆಯೇ ಆಡಿ ತೋರಿಸುತ್ತಿದ್ದರು. ಇಂಗ್ಲಿಷರು ಡಯಾಪೇಸನ್ ಎಂದು ಕರೆಯುವ ಅವರ ಯಜಮಾನನಿಗೆ ಗಲ್ಲ ಉಬ್ಬಿಸಿ "ಓಓ": ಹೊಟ್ಟೆ ತುಂಬ ಉಂಡು ಒರಗಿದ ಹಿರಿಯರ ದನಿ, ದುಂಡಗೆ, ಆತುರವಿಲ್ಲದೆ. ಜರ್ಮನರದ್ದಕ್ಕೆ ನಾಲಗೆಯನ್ನು ಹಲ್ಲಿಗೆ ಹೊಡೆದು "ತೇ": ಶುರುವಿನಲ್ಲೇ ಒಂದು ಚಿಟುಕು, ಹಿಂದೆಯೇ ತಿಳಿಯಾದ, ಹರಿತವಾದ ಸ್ವರ. ಫ್ರೆಂಚರದು ತುಂಬಿದ ದನಿಯೇ, ಆದರೆ ಅಂಚಿನಲ್ಲಿ ಸ್ವಲ್ಪ ತಂತಿಯ ಗುಣ. ಇಟಲಿಯವರದು ಕಡಿಮೆ ಗಾಳಿಯಲ್ಲಿ, ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಗುನುಗುವವರ ಹಾಗೆ. "ಮೊದಲು ತುತ್ತು ನುಂಗಿ ಅತ್ತಿಗೆ, ಆಮೇಲೆ ದೇಶ ಸುತ್ತಿ" ಎಂದು ನಾನು ಗದರುತ್ತಿದ್ದೆ.

ಅಪ್ಪ ಕಲಿಸಿದ್ದು ಇಂಗ್ಲಿಷ್ ದಾರಿ. ಬಾಯಿ ಎತ್ತರಕ್ಕೆ ಕತ್ತರಿಸಿ ಗೀರು ಒತ್ತಾಗಿ ಹಾಕಿದರೆ ದನಿ ದುಂಡಗಾಗುತ್ತದೆ. ಬಾಯಿ ತಗ್ಗಾಗಿ ಬಿಟ್ಟು ಗೀರು ಕಡಿಮೆ ಮಾಡಿದರೆ ಹರಿತವಾಗಿ ಜರ್ಮನ್ ಕಡೆಗೆ ಹೋಗುತ್ತದೆ. ಎಲ್ಲ ನನ್ನ ಹೊಲಿಗೆಯ ಲೆಕ್ಕವೇ. ಹೆಚ್ಚು ಬಿಟ್ಟದ್ದನ್ನು ನಾಳೆ ಕತ್ತರಿಸಬಹುದು, ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಯಾರಪ್ಪನಿಂದಲೂ ಆಗದು.

ಈಚಿನ ವರ್ಷಗಳಲ್ಲಿ ಅತ್ತಿಗೆಯ ಹೆಸರು ಜೋರಾಯಿತು. "ನಿಮ್ಮ ರುಚಿ ಬದಲಾಗಿದೆ, ಜರ್ಮನ್ ಕಡೆ ವಾಲಿದ್ದೀರಿ, ಎಷ್ಟು ಲವಲವಿಕೆ!" ಎಂದು ನುಡಿಸುವವರು ಹೊಗಳುತ್ತಿದ್ದರು. "ನಾನೆಲ್ಲಿ ವಾಲಿದೆ? ಮಾವ ಹಾಕಿಕೊಟ್ಟ ಗೆರೆ ದಾಟಿಲ್ಲ" ಎಂದು ಅತ್ತಿಗೆ ನಗುತ್ತಿದ್ದರು. ಹೊಗಳಿಕೆ ಯಾರಿಗೆ ಕಹಿ? ವಿಷಯ ಅಲ್ಲಿಗೇ ನಿಲ್ಲುತ್ತಿತ್ತು.

ಹೀಗಿರುವಾಗ ಗಾಯಕರ ಸಂಘದವರು ತಮ್ಮ ಹೊಸ ಸಭಾಂಗಣಕ್ಕೆ ಆರ್ಗನ್ ಬೇಕೆಂದು ಬಂದರು. ಅವರ ಮೇಷ್ಟ್ರು ಕಡ್ಡಿಯಂತಿರುವ ಮನುಷ್ಯ, ಮಾತು ಮಾತ್ರ ಗಟ್ಟಿ. "ನಮ್ಮವರೆಲ್ಲ ದಿನವಿಡೀ ದುಡಿದು ಬಂದು ಹಾಡೋರು. ಒರಗಿಕೊಳ್ಳೋಕೆ ಒಂದು ಗೋಡೆ ಬೇಕು. ದುಂಡಗಿನ ಇಂಗ್ಲಿಷ್ ದನಿನೇ ಕೊಡಿ" ಎಂದರು. ಅತ್ತಿಗೆಗೆ ತವರಿನ ದಾರಿ ಸಿಕ್ಕಷ್ಟು ಖುಷಿಯಾಯಿತು. ತಿಂಗಳುಗಟ್ಟಲೆ ಆ ಸಾಲಿಗೆ ಕೂತರು.

ಮೇಷ್ಟ್ರು ಶೆಡ್ಡಿಗೆ ಕೇಳಲು ಬಂದ ದಿನ ನಾನು ಚಹಾ ಹಿಡಿದು ಅಲ್ಲೇ ಇದ್ದೆ. ಅವರು ಕೆಳಗಿನಿಂದ ಮೇಲಿನವರೆಗೆ ನುಡಿಸಿದರು, ಮತ್ತೊಮ್ಮೆ ನುಡಿಸಿದರು. "ಅಮ್ಮಾ, ಬಹಳ ಚೆನ್ನಾಗಿದೆ. ಆದ್ರೆ ಇದು ಜರ್ಮನ್ ಅಲ್ವಾ?"

"ಜರ್ಮನ್ನಾ! ಇದಕ್ಕಿಂತ ದುಂಡಗಿರೋದು ನಾನು ಮಾಡೇ ಇಲ್ಲ" ಎಂದರು ಅತ್ತಿಗೆ.

ಮೇಷ್ಟ್ರು ಅಣ್ಣನ ಮುಖ ನೋಡಿದರು. ಅಣ್ಣನಿಗೆ ಅದೇ ಗಳಿಗೆಯಲ್ಲಿ ಒರೆಸಲು ಒಂದು ಕೊಳವೆ ಸಿಕ್ಕಿತು. "ಇರಲಿ ಬಿಡಿ, ಇದೂ ಚೆಂದವೇ. ಹೀಗೇ ಇರಲಿ" ಎಂದು ಮೇಷ್ಟ್ರು ಚಹಾ ಮುಗಿಸಿ ಹೊರಟುಹೋದರು. ಅತ್ತಿಗೆ ನನ್ನತ್ತ ತಿರುಗಿದರು.

"ನೀನು ಹೇಳು. ನಿನಗೆ ಹೇಗೆ ಕೇಳುತ್ತೆ?"

ನನಗೆ ಸಂಗೀತದ ಗಂಧಗಾಳಿ ಇಲ್ಲ. ಕೇಳಿದ್ದನ್ನು ಹೇಳಿದೆ. "ಮೇಲೆ ಹೋದ ಹಾಗೆಲ್ಲ ಜೊತೆಗೆ 'ಸ್ಸ್' ಅಂತ ಬರುತ್ತೆ ಅತ್ತಿಗೆ. ರೇಷ್ಮೆ ಹರಿದ ಹಾಗೆ."

"ಯಾವ ಸ್ಸ್?"

ಅವರು ಒಂದು ಸಣ್ಣ ಕೊಳವೆ ತೆಗೆದು ಊದಿದರು. ಕಿವಿ ಹತ್ತಿರ ಹಿಡಿದು ಮತ್ತೆ ಊದಿದರು. ಈ ಕಿವಿ, ಆ ಕಿವಿ. ಆಮೇಲೆ ಸ್ಟೂಲಿನ ಮೇಲೆ ಕೂತು, "ನನಗೆ ಕೇಳಿಸ್ತಾ ಇಲ್ಲ" ಎಂದರು.

ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಎತ್ತರದ ದನಿಗಳೇ. ಕಳೆದುಹೋದದ್ದನ್ನು ಕೇಳಿಸಿಕೊಳ್ಳಲು ಅತ್ತಿಗೆ, ತಮಗೇ ತಿಳಿಯದೆ, ವರ್ಷದಿಂದ ವರ್ಷಕ್ಕೆ ಹೊಸ ಕೊಳವೆಗಳ ಬಾಯಿಯನ್ನು ಇನ್ನಷ್ಟು ತಗ್ಗಾಗಿಯೇ ಬಿಡುತ್ತಾ ಬಂದಿದ್ದರು. ಅವರಿಗೆ ದುಂಡಗೆ ಕೇಳಿದ್ದು ಊರಿಗೆ ಹರಿತವಾಗಿ ಕೇಳುತ್ತಿತ್ತು. ಜನ ಹೊಸ ರುಚಿ ಎಂದುಕೊಂಡದ್ದು ಹಳೆಯ ಕಿವಿಯನ್ನು.

"ನಿನಗೆ ಗೊತ್ತಿತ್ತಾ?" ಎಂದು ಅಣ್ಣನ ಮೇಲೆ ಎಗರಿದೆ.

"ಕೇಳಿ ಅಲ್ಲ, ನೋಡಿ ಗೊತ್ತಾಯ್ತು. ಬಾಯಿ ತಗ್ಗಾಗ್ತಾ ಬಂತು. ಎಲ್ಲರೂ ಹೊಗಳ್ತಾ ಇದ್ರಲ್ಲ..."

"ಅದಕ್ಕೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಯಾ?"

"ನಿಮ್ಮಣ್ಣನ್ನ ಬೈಬೇಡ. ಕಿವಿ ನಂದು" ಎಂದರು ಅತ್ತಿಗೆ. ಕೆಲಸದ ಮೇಲಂಗಿ ಬಿಚ್ಚಿ ಮೊಳೆಗೆ ಹಾಕಿ ಒಳಗೆ ಹೋದರು. ಊಟದ ಮೇಜಿನಲ್ಲಿ ದೇಶ ಸುತ್ತುವುದು ನಿಂತುಹೋಯಿತು. ಅನ್ನ ಬಡಿಸಿದರೆ ಉಂಡರು, ಬಡಿಸದಿದ್ದರೆ ಕೇಳಲಿಲ್ಲ. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಏನೂ ಇರಲಿಲ್ಲ, ಅದು ನಮಗೆ ಮೂವರಿಗೂ ಗೊತ್ತಿತ್ತು.

ಅಣ್ಣ ಸಮಾಧಾನ ಹೇಳಲು ನೋಡಿದ. "ಮೇಷ್ಟ್ರೇ ಇರಲಿ ಅಂದ್ರಲ್ಲ. ಜರ್ಮನ್ ಅಂತಾನೇ ಕೊಟ್ಟುಬಿಡೋಣ."

"ಬೇಕಂತ ಮಾಡಿದ್ರೆ ಅದು ಜರ್ಮನ್. ತಿಳೀದೇ ಆದ್ರೆ ಅದು ತಪ್ಪು" ಎಂದರು ಅತ್ತಿಗೆ. ಮರುದಿನ ಬೆಳಿಗ್ಗೆ ನನ್ನ ಹೊಲಿಗೆ ಕೋಣೆಗೇ ಬಂದರು. "ಕತ್ತರಿ ಇಡು, ಬಾ."

"ನಾನಾ? ಅಪ್ಪ ನನ್ನನ್ನ ಓಡಿಸಿದ್ದು ಮರೆತ್ರಾ?"

"ಅವರು ಓಡಿಸಿದ್ದು ನಿನ್ನ ಬಾಯಿಗೆ ಹೆದರಿ. ಕಿವಿಗೇನಾಗಿದೆ? ನೋಡು, ಈ ಸಾಲು ಸರಿ ಮಾಡ್ತೀನಿ. ಸಭಾಂಗಣದಲ್ಲಿ ನಿನ್ನ ಮಾತು ನಂಬಿ ಕೂರೋಕೆ ನನ್ನಿಂದಾದ್ರೆ ಮುಂದೆ ಕೆಲಸ ಒಪ್ತೀನಿ. ಆಗದಿದ್ರೆ ಇದೇ ಕೊನೆ."

ಎದುರು ಬದುರು ಎರಡು ಸ್ಟೂಲು. ಅವರು ಬಾಯಿಯ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ ಊದುವುದು, ನಾನು ಹೇಳುವುದು.

"ಸ್ಸ್ ಇದೆಯಾ?"

"ಇದೆ."

"ಈಗ?"

"ಸ್ವಲ್ಪ."

"ಸಾಕು ಅಲ್ವಾ? ನನಗೆ ಕಂಬಳಿ ಹೊದ್ದ ಹಾಗೆ ಕೇಳುತ್ತೆ ಕಣೇ."

"ನಿಮಗೆ ಹಾಗೆ. ನನಗಿನ್ನೂ ಇದೆ, ಕತ್ತರಿಸಿ" ಎಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಅತ್ತಿಗೆ ತಲೆಯೆತ್ತಲಿಲ್ಲ. ಚಾಕುವಿನಿಂದ ಇನ್ನೊಂದೆಳೆ ಕತ್ತರಿಸಿದರು.

ಕಷ್ಟ ಇದ್ದದ್ದು ಅಲ್ಲಿಯೇ. ಊರಿಗೆ ಸರಿಯಾದ ಗಳಿಗೆಯಲ್ಲಿ ಕೊಳವೆ ಅವರಿಗೆ ಮಂಕಾಗುತ್ತಿತ್ತು. ತನ್ನ ಕಿವಿ ಬೇಡ ಬೇಡ ಎನ್ನುವಾಗ, ಬಾಯಿಬಡುಕಿ ನಾದಿನಿಯ ಮಾತಿಗೆ ಅವರು ಒಂದೊಂದನ್ನೂ ಮಂಕು ಮಾಡುತ್ತಾ ಹೋಗಬೇಕಿತ್ತು. ನಾನು ಒಂದು ಸಲ ತಪ್ಪಿ "ಇನ್ನೂ" ಎಂದರೆ ಆ ಕೊಳವೆ ಕೆಟ್ಟಂತೆ. ಜನ್ಮದಲ್ಲಿ ಮೊದಲ ಬಾರಿಗೆ ನಾನು ಅಳೆದು ತೂಗಿ ಮಾತಾಡಿದೆ. ಆದರೂ ಹೇಳುತ್ತೇನೆ, ಆ ದಿನಗಳಷ್ಟು ಸುಖವಾಗಿ ನಾವಿಬ್ಬರೂ ಎಂದೂ ಕೂತಿರಲಿಲ್ಲ. ಬೇಸರವಾದಾಗ ಅತ್ತಿಗೆ ಮತ್ತೆ ಇಟಲಿಗೆ ಹೋಗಿ ಗುನುಗುತ್ತಿದ್ದರು. ಅಣ್ಣ ಚಹಾ ತಂದಿಟ್ಟು, ನಮ್ಮ ಜಗಳ ಕೇಳಿ, ಬಂದ ದಾರಿಗೆ ಸುಂಕವಿಲ್ಲದಂತೆ ಹಿಂದಿರುಗುತ್ತಿದ್ದ.

ಸಭಾಂಗಣ ತೆರೆದ ಸಂಜೆ ನಾವು ಹಿಂದಿನ ಸಾಲಿನಲ್ಲಿ ಕೂತೆವು. ಹೊಸ ಬಣ್ಣದ ವಾಸನೆ, ಒದ್ದೆ ಕೋಟುಗಳು, ಕುರ್ಚಿಗಳ ಸದ್ದು. ಮೇಷ್ಟ್ರು ಬೇರೆಲ್ಲ ಸಾಲುಗಳನ್ನು ಮುಚ್ಚಿ ಅತ್ತಿಗೆಯ ಪ್ರಿನ್ಸಿಪಾಲ್ ಒಂದನ್ನೇ ನುಡಿಸಿದರು. ಅತ್ತಿಗೆ ಆರ್ಗನ್ನಿನತ್ತ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು.

"ಮಂಕಾಗಿದೆ ಅಲ್ವಾ? ನನ್ನ ಸಮಾಧಾನಕ್ಕೆ ಹೇಳಬೇಡ. ನಿಜ ಹೇಳು."

ನಾನು ಕೇಳಿದೆ. ಕೆಳಗಿನಿಂದ ಮೇಲಿನವರೆಗೆ ಒಂದೇ ದನಿ, ಎಲ್ಲೂ ಸೀಳಿರಲಿಲ್ಲ, ಎಲ್ಲೂ ಮಸುಕಿರಲಿಲ್ಲ. ಮುಂದೆ ಕೂತಿದ್ದ ಹಾಡುಗಾರರ ಹೆಗಲುಗಳು ಸಡಿಲವಾದವು. ನನಗೆ ಅಳು ಬಂತು.

"ಇಲ್ಲ ಅತ್ತಿಗೆ. ತುಂಬಿಕೊಂಡಿದೆ. ಸರಿಯಾಗಿದೆ."

"ಹಾಗಾದ್ರೆ ಸರಿ" ಎಂದರು.

ಕೊನೆಯವರೆಗೂ ಅವರಿಗೆ ಅದು ಮಂಕಾಗಿಯೇ ಕೇಳಿಸಿತಂತೆ, ಆಮೇಲೆ ಹೇಳಿದರು. ಆದರೆ ಎಲ್ಲರೂ ಹಾಡಲು ಎದ್ದಾಗ ಅವರೂ ಎದ್ದು, ಕೊರಳು ಬಿಚ್ಚಿ ಹಾಡಿದರು. ಹಾಡು ಮುಗಿದು ಕೂರುವಾಗ ನನ್ನ ಕಡೆ ಬಾಗಿ, "ಸೋಮವಾರ ಶೆಡ್ಡಿಗೆ ಬೇಗ ಬಾ" ಎಂದರು.