ಗೋಡೆಗೆ ಮಾತಾಡುತ್ತಿದ್ದ ಟಿವಿ

ಹೋದ ತಿಂಗಳು ಮಗಳು ಹಾವೇರಿಯ ನಮ್ಮ ಮನೆಗೆ ಹೊಸ ಟಿವಿ ತರಿಸಿದಳು. ಅದರ ಬೆನ್ನಿಗೇ ಇನ್ನೊಂದು ಉದ್ದನೆಯ ಪೆಟ್ಟಿಗೆ ಬಂತು. ಬಿಚ್ಚಿ ನೋಡಿದರೆ ಒಳಗೆ ಕರಿ ಬಣ್ಣದ ಒಂದು ಕೋಲಿನಂಥ ಸಾಮಾನು.

"ಸೌಂಡ್‌ಬಾರ್ ಅವ್ವಾ. ಈ ಟಿವಿ ದನಿ ಸರಿಯಾಗಿ ಕೇಳೂದಿಲ್ಲಲ್ಲ, ಅದಕ್ಕ," ಎಂದಳು ಮಗಳು.

ಟಿವಿ ಹಳೆಯದಕ್ಕಿಂತ ತುಟ್ಟಿ. ಅದರ ದನಿಗೆ ಮತ್ತೆ ಬೇರೆ ದುಡ್ಡು... ನೆಲದ ತುಂಬ ಥರ್ಮೋಕೋಲಿನ ಚೂರುಗಳು ಹಾರಾಡುತ್ತಿದ್ದವು. ಹೊಸ ಪ್ಲಾಸ್ಟಿಕ್ಕಿನ ಘಾಟು ವಾಸನೆ ಮೂಗಿಗೆ ಬಡಿದದ್ದೇ ತಡ, ರಾಣೇಬೆನ್ನೂರಿನ ಟಿವಿ ಕಾಕಾ ಕಣ್ಣ ಮುಂದೆ ಬಂದು ನಿಂತರು.

ಆಗ ನಾನು ರಾಣೇಬೆನ್ನೂರಿನಲ್ಲಿ ಜಂಪರು ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದೆ. ರಸ್ತೆಯ ಆಚೆಗೆ, ನನ್ನ ಹೊಲಿಗೆ ಯಂತ್ರದ ನೇರಕ್ಕೆ, ಅವರ ಅಂಗಡಿ. ಓಣಿಯವರೆಲ್ಲ ಅವರನ್ನು ಟಿವಿ ಕಾಕಾ ಎಂದೇ ಕರೆಯುತ್ತಿದ್ದೆವು. ಒಂದು ಕಂಪನಿಯ ಏಜೆನ್ಸಿ ಹಿಡಿದಿದ್ದರು. ಚಾಳೀಸು ಕನ್ನಡಕ ಯಾವಾಗಲೂ ಹಣೆಯ ಮೇಲೇ. ಹೊಸ ಮಾಡಲ್ ಬಂತೆಂದರೆ ಅದನ್ನು ಹಳೆಯದರ ಪಕ್ಕಕ್ಕೆ ಇಟ್ಟು, ಹೆಣ್ಣು ನೋಡಲು ಬಂದವರ ಹಾಗೆ ಸುತ್ತಲೂ ನೋಡುತ್ತಿದ್ದರು. "ಇದು ಅದಕ್ಕಿಂತ ಯಾಕ ತುಟ್ಟಿ?" ಎಂದು ಗಿರಾಕಿ ಕೇಳುವ ಮೊದಲೇ ತಾವೇ ಕೇಳುತ್ತಿದ್ದರು. ವ್ಯಾಪಾರ ಮಾಡುವವನು ಕೇಳಬಾರದ ಪ್ರಶ್ನೆ ಅದು. ಲಗೂನೆ ಕೊಂಡು ಹೋಗಬೇಕೆಂದು ಬಂದವರು ಬೇಸತ್ತು ಮುಂದಿನ ಅಂಗಡಿಗೆ ನಡೆದುಬಿಡುತ್ತಿದ್ದರು. ಇನ್ನು ಕೆಲವರು ಅದನ್ನು ಕೇಳುವುದಕ್ಕೆಂದೇ ಬಂದು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ರಸ್ತೆ ದಾಟಿ ನನ್ನ ಅಂಗಡಿಗೇ ಬಂದರು.

"ಯವ್ವಾ, ಬೆನ್ನಿಗೆ ಕಿಟಕಿ ಇಡೂ ಜಂಪರಿಗೆ ನೀ ಹೆಚ್ಚು ತಗೋತೀಯಂತ. ಅದಕ್ಕ ಬಟ್ಟಿ ಕಮ್ಮಿ ಹತ್ತತೈತಿ. ಮತ್ಯಾಕ ಹೆಚ್ಚು?"

ನನಗೆ ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ. ಯೋಚಿಸಿ ಹೇಳಿದೆ: "ಕಲಿಯೂಮುಂದ ನಾಕು ಬಟ್ಟಿ ಕೆಡಿಸೇನ್ರಿ ಕಾಕಾ. ಅದನ್ನ ಯಾರು ಕೊಡಬೇಕು?"

"ಅಂದ್ರ ಮೊದಲ ಬಂದವರು ನಿನ್ನ ಕಲಿಕಿಗೆ ಕೊಡ್ತಾರ. ಊರಾಗ ಎಲ್ಲಾರೂ ಹೊಲಿಯಾಕ ಕಲ್ತ ಮ್ಯಾಲೆ?"

"ಆಗ ದರ ಇಳಸಬೇಕಾಗತೈತ್ರಿ. ಇಲ್ಲಾ, ಇನ್ನೊಂದು ಹೊಸ ನಮೂನಿ ತೆಗೀಬೇಕು."

"ಹಾಂ!" ಎಂದರು. ಏನೋ ಸಿಕ್ಕಿದವರ ಹಾಗೆ ಎದ್ದು ಹೋದರು. ಆ ಇಡೀ ಸಂಜೆ ಅವರ ಅಂಗಡಿಗೆ ಬಂದವರಿಗೆಲ್ಲ ನನ್ನ ಜಂಪರಿನ ಕಥೆಯೇ.

ನಮ್ಮವ್ವ ಆಗ ನನ್ನ ಜೊತೆಗಿದ್ದಳು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ನಾನು ಅಂಗಡಿಗೆ, ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅವಳಿಗೆ ಟಿವಿಯೇ ಸಂಗಾತಿ. ಧಾರಾವಾಹಿಯ ಮಂದಿಯನ್ನೆಲ್ಲ ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ಸೊಸೆಗೆ ಕಾಟ ಕೊಡುವ ಅತ್ತೆಯನ್ನು ಬಾಯಿತುಂಬ ಬೈಯುತ್ತಿದ್ದಳು. ಒಂದು ಮಳೆಗಾಲ ಸಿಡಿಲು ಬಡಿದು ಆ ಟಿವಿ ಸುಟ್ಟುಹೋಯಿತು. ಅದರ ಬೋರ್ಡು ಈಗ ಬರುವುದೇ ಇಲ್ಲ ಎಂದರು ರಿಪೇರಿಯವರು. ಅವ್ವ ಮಂಕಾದಳು. ಊಟ ಕಡಿಮೆಯಾಯಿತು. ದಿನವೆಲ್ಲ ಬಾಗಿಲ ಕಡೆ ಮುಖ ಮಾಡಿಕೊಂಡು ಕೂರುತ್ತಿದ್ದಳು...

ಅವಳನ್ನೇ ಕೈಹಿಡಿದು ಟಿವಿ ಕಾಕಾನ ಅಂಗಡಿಗೆ ಕರೆದೊಯ್ದೆ. ಕೇಳಿ ಆರಿಸುವವಳು ಅವಳೇ ತಾನೇ. ನಮ್ಮಲ್ಲಿದ್ದ ಮಾಡಲ್ಲು ನಿಂತುಹೋಗಿ ಅದರ ಜಾಗಕ್ಕೆ ಹೊಸದು ಬಂದಿತ್ತು. ತೆಳ್ಳಗೆ, ರೊಟ್ಟಿಯ ಹಾಗೆ. ದರ ಮಾತ್ರ ದಪ್ಪ. ಕಾಕಾ ಅದನ್ನು ಹಚ್ಚಿದರು. ಅವ್ವ ತಲೆ ವಾರೆ ಮಾಡಿ ಕೇಳಿದಳು.

"ತಮ್ಮಾ, ಇದು ಗ್ವಾಡಿಗೆ ಮಾತಾಡಾಕತ್ತೈತಿ," ಎಂದಳು.

ಕಾಕಾ ಟಿವಿಯ ಹಿಂದೆ ಹೋಗಿ ಕಿವಿ ಇಟ್ಟರು. ಖರೇ ಇತ್ತು. ಸ್ಪೀಕರಿನ ಬಾಯಿ ಹಿಂದಕ್ಕಿತ್ತು, ದನಿ ಗೋಡೆಗೆ ಹೋಗಿ ಬಡಿದು ಬರುತ್ತಿತ್ತು. ಮೂಲೆಯಲ್ಲಿ ಹಳೆಯ ಮಾಡಲ್ಲಿನ ಒಂದು ಪೀಸು ಉಳಿದಿತ್ತು. ಸಾಗಿಸುವಾಗ ಪರದೆ ಒಡೆದು ಅರ್ಧ ಕಪ್ಪಾಗಿದ್ದರಿಂದ ಯಾರೂ ಕೊಂಡಿರಲಿಲ್ಲ. ಅದನ್ನು ಹಚ್ಚಿದರು. ಅವ್ವನ ಮುಖ ಅರಳಿತು. "ಹಾಂ, ಇದು ನನ್ನ ಕೂಡ ಮಾತಾಡತೈತಿ. ಇದನ್ನ ಕೊಡು."

"ಪರದೆ ಒಡದೈತ್ರಿ ಅಕ್ಕಾರ."

"ನನಗ್ಯಾಕೋ ಪರದೆ? ಅದಿರಲಿ, ಹೊಸದರ ದನಿ ಸಣ್ಣ ಆಗೇತಿ. ಮತ್ತ ರೊಕ್ಕ ಯಾಕ ದೊಡ್ಡದಾಗೇತಿ?"

ಚಿತ್ರ ಬಹಳ ಸ್ಪಷ್ಟ, ಒಳಗೆ ಇಂಟರ್‌ನೆಟ್ ಬರುತ್ತದೆ, ಡಾಲರ್ ಏರಿದೆ... ಕಂಪನಿಯವರು ಹುಬ್ಬಳ್ಳಿಯ ಸಭೆಯಲ್ಲಿ ಹೇಳಿಕೊಟ್ಟಿದ್ದನ್ನೆಲ್ಲ ಕಾಕಾ ಹೇಳಿದರು. ಹೇಳುತ್ತ ಹೇಳುತ್ತ ತಾವೇ ನಿಂತುಬಿಟ್ಟರು. "ಅಕ್ಕಾರ, ನಾಳೆ ಬರ್ರಿ. ಎರಡೂ ಬಿಚ್ಚೇ ನೋಡೂಣು," ಎಂದರು.

ಮರುದಿನ ಅಂಗಡಿಯ ಮುಂದೆ ಮೇಜು ಹಾಕಿ, ಮೇಲೆ ಚಾದರ ಹಾಸಿ ಎರಡೂ ಟಿವಿಗಳನ್ನು ಬೋರಲು ಮಲಗಿಸಿದ್ದರು. ಹೊಸದರ ಬೆನ್ನಿಗೆ ಕಂಪನಿಯ ಸೀಲು ಅಂಟಿಸಿತ್ತು. ಅದನ್ನು ಹರಿದರೆ ಮಾರುವ ಹಾಗಿಲ್ಲ. "ಬ್ಯಾಡ್ರಿ ಕಾಕಾ," ಎಂದೆ. ಕೇಳಲಿಲ್ಲ. ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ಒಂದೊಂದೇ ತೆಗೆದು ಅವಳ ಕೈಗೆ ಕೊಡುತ್ತ ಹೋದರು. ಚಹಾದಂಗಡಿಯವರು, ಬಸ್ಸಿಗೆ ಹೊರಟವರು, ಎಲ್ಲ ಸುತ್ತಲೂ ನೆರೆದರು.

ಹಳೆಯದರ ಸ್ಪೀಕರು ಅವ್ವನ ಅಂಗೈ ತುಂಬಿತು. ಹೊಸದರದ್ದು ಬೆರಳುಗಳ ನಡುವೆಯೇ ಹಿಡಿಯಿತು. "ಇದು ಶೇಂಗಾ ಸಿಪ್ಪಿ ಆದಂಗ ಆತಲ್ಲೋ," ಎಂದಳು. ಮಂದಿ ಗೊಳ್ಳೆಂದು ನಕ್ಕರು. ಆಮೇಲೆ ಹೊಸದರ ಬೆನ್ನೊಳಗೆ ಕೈಯಾಡಿಸಿ, "ಇದರಾಗ ಏನೂ ಇಲ್ಲೋ ತಮ್ಮಾ, ಖಾಲಿ ಮನಿ!" ಎಂದಳು. ನಗು ಇನ್ನೂ ಜೋರಾಯಿತು.

ಕಾಕಾ ನಗಲಿಲ್ಲ. ಹೊಸದರ ಸಣ್ಣ ಬೋರ್ಡೊಂದನ್ನು ಅವ್ವನ ಬೆರಳಿಗೆ ತಾಗಿಸಿ ಹೇಳಿದರು: "ಹಂಗಲ್ರಿ ಅಕ್ಕಾರ. ಇಷ್ಟಗಲದ್ದು ಹಳೇ ಬೋರ್ಡಿಗಿಂತ ಭಾಳ ಕೆಲಸ ಮಾಡತೈತಿ. ಕರೆಂಟೂ ಕಮ್ಮಿ ತಿಂತೈತಿ. ಪರದೆ ಚೆಂದ ಐತಿ, ನಿಮ್ಮ ಕೈಗೆ ಸಿಗೂದಿಲ್ಲ ಅಷ್ಟ. ಇವೆಲ್ಲ ಖರೇ. ಆದ್ರ ಸ್ಪೀಕರಿನಾಗ ರೊಕ್ಕ ಉಳಿಸ್ಯಾರಲ್ಲ, ಅದೂ ಖರೇ. ಕೊಟ್ಟದ್ದನ್ನ ಹೇಳ್ತಾರ, ತಗೊಂಡದ್ದನ್ನ ಹೇಳೂದಿಲ್ಲ."

ನನ್ನ ಕಡೆ ತಿರುಗಿ, "ಇನ್ನೊಂದೈತಿ ಯವ್ವಾ," ಎಂದರು. "ಹಳೇದೂ ಬಂದಾಗ ತುಟ್ಟೀನ ಇತ್ತು. ವರ್ಷ ಕಳದಂಗ ಇಳೀತು. ಇನ್ನಷ್ಟು ಇಳಿಯೂದ್ರಾಗ ಅದನ್ನ ನಿಲ್ಲಿಸಿದ್ರು. ನಾವು ಅದರ ಕಡೀ ದಿನದ ದರ ನೆನಪಿಟ್ಕೊಂಡು ಇದರ ಮೊದಲನೇ ದಿನದ ದರಕ್ಕ ಹೋಲಸ್ತೇವಿ. ಅದಕ್ಕ ಎದಿ ಝಲ್ ಅಂತೈತಿ."

ಸಿಟ್ಟಿನ ದನಿ ಅಲ್ಲ ಅದು. ಬಹಳ ದಿನದ ಗಂಟೊಂದು ಸಡಿಲಾದವರ ದನಿ. ಆವತ್ತು ಅವರು ಸಣ್ಣ ಹುಡುಗನಷ್ಟು ಖುಷಿಯಾಗಿದ್ದರು. ಹಳೆಯ ಟಿವಿಯನ್ನು ಮತ್ತೆ ಜೋಡಿಸಿ, ತಾವೇ ಹೊತ್ತು ತಂದು ನಮ್ಮ ಮನೆಯಲ್ಲಿಟ್ಟು ಹೋದರು.

ನೆರೆದವರಲ್ಲಿ ಯಾರೋ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಿದ್ದರು. ಅವ್ವನ "ಖಾಲಿ ಮನಿ" ಮಾತಷ್ಟನ್ನೇ ಕತ್ತರಿಸಿ ಊರೂರಿಗೆ ಹಂಚಿದರು. ಬೋರ್ಡಿನ ಮಾತು, ಪರದೆಯ ಮಾತು ಯಾವುದೂ ಅದರಲ್ಲಿ ಇರಲಿಲ್ಲ. ಹಾವೇರಿಯ ಅಂಗಡಿಗಳಲ್ಲೂ ಗಿರಾಕಿಗಳು ಖಾಲಿ ಮನಿ ಎಂದು ನಗಾಡತೊಡಗಿದರಂತೆ. ಕೆಲವು ದಿನಗಳಲ್ಲಿ ಕಂಪನಿಯ ಕಡೆಯ ಹುಡುಗನೊಬ್ಬ ಬಂದ. ಟೈ ಕಟ್ಟಿದ್ದ, ಬೆವರಿದ್ದ. ತಾನು ಹೇಳಿದ್ದು ತಪ್ಪಾಯಿತು ಎಂದು ಕಾಕಾ ಒಂದು ವಿಡಿಯೋ ಮಾಡಿ ಕೊಡಬೇಕು, ಇಲ್ಲದಿದ್ದರೆ ಏಜೆನ್ಸಿ ಹೋಗುತ್ತದೆ ಎಂದ.

ಕಾಕಾ ಅವನಿಗೆ ಚಹಾ ತರಿಸಿದರು. ನಾನು ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. "ಬಿಚ್ಚಿದ್ದು ತಪ್ಪು ಅಂತ ಹೇಳ್ತೇನಿ. ಹೇಳಿದ್ದು ತಪ್ಪು ಅಂತ ಹೆಂಗ ಹೇಳ್ಲಿ?" ಎಂದರು. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು: "ಅದಿರಲಿ ತಮ್ಮಾ, ನಿನಗರೇ ಗೊತ್ತೈತೇನು, ದರ ಹೆಂಗ ಕಟ್ತಾರ?"

ಹುಡುಗ ಕಪ್ಪು ಕೆಳಗಿಟ್ಟ. "ಇಲ್ರಿ. ಮ್ಯಾಲಿಂದ ಬರತೈತಿ, ನಾವು ಹೇಳ್ತೇವಿ," ಎಂದ. ಹೋಗುವಾಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಏಜೆನ್ಸಿ ಹೋಯಿತು. ಕಾಕಾ ಧೈರ್ಯವಾಗಿದ್ದರು ಎಂದರೆ ಸುಳ್ಳಾಗುತ್ತದೆ. ಅಂಗಡಿಯ ಮೇಲಿನ ಕಂಪನಿಯ ಹೆಸರಿನ ಬೋರ್ಡು ಇಳಿಸಿದ ದಿನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ತಮ್ಮ ಅಂಗಡಿಯನ್ನೇ ನೋಡಿದರು. ಫ್ಯಾನು, ಇಸ್ತ್ರಿ ಪೆಟ್ಟಿಗೆ ಮಾರುತ್ತ ಒಂದಷ್ಟು ಕಾಲ ತಳ್ಳಿ, ಕೊನೆಗೆ ಅಂಗಡಿ ಮುಚ್ಚಿ ತಮ್ಮೂರು ಬ್ಯಾಡಗಿಗೆ ಹೋದರು. ಅವ್ವ ಸಾಯುವ ತನಕ ಆ ಅರ್ಧ ಕಪ್ಪು ಪರದೆಯ ಟಿವಿಯ ಮುಂದೆಯೇ ಕೂತು ಅತ್ತೆಯಂದಿರನ್ನು ಬೈದಳು. ಮುಂದೆ ನಾನು ಹಾವೇರಿಗೆ ಬಂದೆ. ಒಮ್ಮೆ ಹೋಗಿ ಕಾಕಾನನ್ನು ಮಾತಾಡಿಸಬೇಕು ಎನ್ನುತ್ತಲೇ ವರ್ಷಗಳು...

ಸೌಂಡ್‌ಬಾರ್ ಬಂದ ವಾರವೇ ಖಾರಕ್ಕೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದೆ. ಮೋಟೆಬೆನ್ನೂರು ದಾಟುವಾಗಲೇ ಬಸ್ಸಿನ ಕಿಟಕಿಯಿಂದ ಮೆಣಸಿನ ಘಾಟು ಬಂತು. ಪೇಟೆಯಲ್ಲಿ ಕೇಳಿಕೊಂಡು ಅವರ ಮನೆ ಹುಡುಕಿದೆ. ಬಾಗಿಲು ತೆರೆದವರು ಕಾಕಾನ ಹೆಂಡತಿ, ಕಾಕು. ಅವರ ಹಣೆ ಖಾಲಿ ಇತ್ತು.

"ಹ್ವಾದ ಸುಗ್ಗಿ ಮುಂದ ಹೋದ್ರವ್ವಾ," ಎಂದರು. "ದವಾಖಾನಿಯಾಗ ಮಲಗಿದ್ರೂ ಸುಮ್ಮನಿರಲಿಲ್ಲ. ಬಿಪಿ ನೋಡೂ ಮಷೀನ್ ಹಿಡಕೊಂಡು, ಹಳೇದಕ್ಕಿಂತ ಇದು ಹೆಂಗಂತ ನರ್ಸ್‌ಬಾಯಾರನ್ನ ಕೇಳ್ತಿದ್ರು. ಅಂಗಡಿ ಹೋದದ್ದಕ್ಕ ನಾ ಅತ್ತೇನಿ. ಅವರು ಅಳಲಿಲ್ಲ. ಏನ ಕೊಳ್ಳೂದಿದ್ರೂ ಮಂದಿ ಮೊದಲ ಇಲ್ಲೇ ಬಂದು ಕೇಳಿ ಹೋಗತಿದ್ರಲ್ಲ, ಅದರಾಗ ಹೊತ್ತು ಹೋತು."

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸಪ್ಪಳವಾಯಿತು. ತಲೆಗೆ ಪಟಗಾ ಸುತ್ತಿದ ಹಿರಿಯರೊಬ್ಬರು, ಹಳ್ಳಿಯ ಕಡೆಯವರು, ಬಗಲಲ್ಲಿ ಹೊಸ ಫೋನಿನ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತರು.

"ಕಾಕಾ ಅದಾರೇನ್ರಿ? ಮಗ ಇದನ್ನ ತಂದಾನ. ಹಳೇದಕ್ಕಿಂತ ಭಾಳ ತುಟ್ಟಿ. ಇಟ್ಕೊಳ್ಳೂದೋ, ತಿರುಗಿ ಕೊಡೂದೋ, ಕೇಳಬೇಕಿತ್ತು."

ಕಾಕು ಸೆರಗು ಸರಿಮಾಡಿಕೊಂಡರು. "ಇಲ್ರಿ," ಎಂದಷ್ಟೇ ಹೇಳಿದರು.

"ಎಷ್ಟೊತ್ತಿಗೆ ಬರ್ತಾರ್ರಿ?"

ಕಾಕು ನನ್ನ ಮುಖ ನೋಡಿದರು. "ಕುಂದ್ರಿ, ಚಾ ಮಾಡ್ತೇನಿ," ಎಂದು ಒಳಗೆ ಹೋದರು. ಆ ಹಿರಿಯರು ಕಾಯುವುದಕ್ಕೆ ಕೂತರು, ಡಬ್ಬಿಯನ್ನು ಮೊಳಕಾಲ ಮೇಲೆ ಜೋಪಾನವಾಗಿ ಇಟ್ಟುಕೊಂಡು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.