ಅಲುಗಾಡ್ತಿರೋದು ನಾನಾ, ನಿನ್ನ ಕ್ಯಾಮೆರಾನಾ?

ಹೋದ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದ ದಿನಗಳು. ನಾನು ಆಗಷ್ಟೇ ಹೊಸ ಕ್ಯಾಮೆರಾ ಕೊಂಡಿದ್ದೆ. ಬನಶಂಕರಿಯಲ್ಲಿ ನಮ್ಮ ಮನೆ. ನಾಮಕರಣ, ಸೀಮಂತ, ಗೃಹಪ್ರವೇಶ ಇಂಥ ಸಮಾರಂಭಗಳ ವಿಡಿಯೋ ಮಾಡಿಕೊಡುವುದು ನನ್ನ ಕೆಲಸ. ಅಡುಗೆಮನೆ, ದೇವರಮನೆಗೆಲ್ಲ ಕ್ಯಾಮೆರಾ ಹಿಡಿದು ಹೆಂಗಸೇ ಬಂದರೆ ಮನೆಯವರಿಗೂ ಮುಜುಗರ ಇರುವುದಿಲ್ಲ ನೋಡಿ, ಅದರಿಂದ ಕೆಲಸಕ್ಕೇನೂ ಕೊರತೆಯಿಲ್ಲ.

ಹೊಸದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಸಿನಿಮಾ ಕ್ಯಾಮೆರಾ. ಅದರಲ್ಲಿ ರೇಷ್ಮೆ ಸೀರೆಯ ಬಣ್ಣ ಕಣ್ಣಿಗೆ ಕಂಡ ಹಾಗೇ ಬರುತ್ತದೆ. ಆದರೆ ನಮ್ಮ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಅದನ್ನು ತಡೆಯುವ ವ್ಯವಸ್ಥೆ ಆ ಕ್ಯಾಮೆರಾದೊಳಗೆ ಇಲ್ಲ, ಬೇಕಿದ್ದರೆ ಲೆನ್ಸಿನಲ್ಲೇ ಇರಬೇಕು. ಅಲುಗದ ಹಾಗೆ ಹಿಡಿಯಲು ಗಿಂಬಲ್ ಅಂತ ಬೇರೆ ಹಿಡಿಕೆ ಸಿಗುತ್ತದೆ, ನಿಜ. ಆದರೆ ಅದರ ಭಾರಕ್ಕೆ ನನ್ನ ಮಣಿಕಟ್ಟು ಊದಿಕೊಳ್ಳುತ್ತದೆ. ಸಣ್ಣ ನಡುಮನೆಯಲ್ಲಿ ನೆಂಟರ ಮಧ್ಯೆ ಅದನ್ನು ಆಡಿಸಲು ಜಾಗವೂ ಇರುವುದಿಲ್ಲ.

ನನ್ನ ವಿಡಿಯೋಗಳನ್ನು ಎಡಿಟ್ ಮಾಡುವ ಪ್ರವೀಣನಿಗೆ ಬೇರೆಯೇ ಆಸೆ. "ಅಕ್ಕ, ಸ್ಟೆಬಿಲೈಸರ್ ಗಿಬಿಲೈಸರ್ ಏನೂ ಬೇಡ. ಜಾಸ್ತಿ ಬೆಳಕು ತಗೊಳ್ಳೋ ಲೆನ್ಸ್ ತಗೊಳಿ. ಹಿಂದಿರೋದೆಲ್ಲ ಮಂಜುಮಂಜಾಗಿ ಸಖತ್ತಾಗಿ ಬರತ್ತೆ. ಕೈ ಸ್ವಲ್ಪ ಅಲುಗಿದ್ರೆ ಏನಾಯ್ತು, ಸಿನಿಮಾ ತರ ಇರತ್ತೆ" ಅಂದ. ನನಗೂ ಒಳಗೊಳಗೇ ಅದರ ಮೇಲೇ ಆಸೆ. ಆದರೂ ವಿಲ್ಸನ್ ಗಾರ್ಡನ್ನಿನ ಒಂದು ಅಂಗಡಿಯಿಂದ ಅಲುಗಾಟ ತಡೆಯುವುದು, ಬೆಳಕು ಜಾಸ್ತಿ ತೆಗೆದುಕೊಳ್ಳುವುದು, ಎರಡೂ ಥರದ ಲೆನ್ಸನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದೆ. ಎರಡನ್ನೂ ನೋಡಿ ಆಮೇಲೆ ಕೊಳ್ಳೋಣ ಅಂತ.

ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಕ್ಯಾಮೆರಾ ತೆಗೆದರೆ ಗುರುತಿನವರೆಲ್ಲ ಬಂದು ನಿಲ್ಲುತ್ತಾರೆ. ಹಾಗಾಗಿ ಬೆಳಿಗ್ಗೆ ಆಟೋ ಹಿಡಿದು ಉತ್ತರಹಳ್ಳಿ ಕಡೆಯ ಒಂದು ಕೆರೆ ದಂಡೆಗೆ ಹೋದೆ. ನಡೆಯುತ್ತಾ ತೆಗೆದರೆ ತಾನೇ ಲೆನ್ಸಿನ ಯೋಗ್ಯತೆ ಗೊತ್ತಾಗುವುದು? ಮುಂದೆ ಯಾರಾದರೂ ನಡೆಯುತ್ತಿರಬೇಕು. ನೋಡಿದರೆ ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು, ಅರವತ್ತರ ಆಸುಪಾಸು, ವಾಯಿಲ್ ಸೀರೆ, ಕಾಲಿಗೆ ದಪ್ಪ ಕ್ಯಾನ್ವಾಸ್ ಶೂ. ನಾನು ಅವರ ಹಿಂದೆಯೇ ನಡೆದೆ. ಮೊದಲು ಪ್ರವೀಣ ಹೇಳಿದ ಲೆನ್ಸು. ಅವರು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಲೆನ್ಸ್ ಬದಲಾಯಿಸಿ ಮತ್ತೆ ಬೆನ್ನು ಹತ್ತಿದೆ. ಬೆನ್ನು ಮಾತ್ರ ತಾನೇ, ಮುಖ ಬರುವುದಿಲ್ಲವಲ್ಲ ಅಂದುಕೊಂಡಿದ್ದೆ.

ಇದ್ದಕ್ಕಿದ್ದ ಹಾಗೆ ಅವರು ತಿರುಗಿ ನಿಂತರು.

"ಯಾರಮ್ಮ ನೀನು? ನನ್ ಮಗ ಕಳಿಸಿದ್ನಾ?"

ನಾನು ಕ್ಯಾಮೆರಾ ಕೆಳಗಿಳಿಸಿದೆ. ಸುತ್ತ ವಾಕಿಂಗ್ ಮಾಡುತ್ತಿದ್ದವರೂ ನಿಂತರು. "ಇಲ್ಲ ಆಂಟಿ, ನಿಮ್ಮ ಮಗ ಯಾರು ಅಂತಾನೂ ನಂಗೆ ಗೊತ್ತಿಲ್ಲ. ಲೆನ್ಸ್ ಟೆಸ್ಟ್ ಮಾಡ್ತಿದ್ದೆ. ಕೇಳದೆ ತೆಗೆದಿದ್ದು ತಪ್ಪಾಯ್ತು, ಈಗ್ಲೇ ಡಿಲೀಟ್ ಮಾಡ್ತೀನಿ" ಅಂದೆ.

"ತಡಿ ತಡಿ. ನಾನು ನಡಿಯೋದು ಅದ್ರಲ್ಲಿ ಬಂದೈತಾ? ಎಲ್ಲಿ, ತೋರ್ಸು."

ಕಲ್ಲುಬೆಂಚಿನ ಮೇಲೆ ಕೂತೆವು. ಅವರ ಹೆಸರು ಗೌರಮ್ಮ, ಊರು ಅದೇ ಹಳೇ ಉತ್ತರಹಳ್ಳಿ. ಹಿಂದಿನ ವರ್ಷ ಫುಟ್‌ಪಾತಿನ ಕಲ್ಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದಿತ್ತಂತೆ. ಆಪರೇಷನ್ ಆಗಿ, ವಾಕರ್ ಬಿಟ್ಟು, ಕೋಲನ್ನೂ ಬಿಟ್ಟಿದ್ದರು. ಯುಗಾದಿ ಆದಮೇಲೆ ಊರ ಹಬ್ಬ. ಮದುವೆಯಾಗಿ ಬಂದಾಗಿನಿಂದ ಆ ಹಬ್ಬದಲ್ಲಿ ಮನೆಯಿಂದ ಗುಡಿಗೆ ಹೊರುವ ತಂಬಿಟ್ಟಿನ ಆರತಿ ತಟ್ಟೆ ಅವರದೇ ತಲೆಯ ಮೇಲೆ. "ಈ ಸಲ ಬೇಡಮ್ಮ, ನೀನು ಓಲಾಡ್ತಾ ನಡೀತೀಯ, ಸೊಸೆ ಹೊರ್ಲಿ ಅಂತಾನೆ ಮಗ. ನಾನು ಸರಿಯಾಗೇ ನಡೀತೀನಿ ಕಣೋ ಅಂತ ಜಗಳ ಆಡಿದೀನಿ. ಎರಡು ದಿನದಿಂದ ಮಾತಿಲ್ಲ. ಅದ್ಕೇ ನಿನ್ನ ಕಳ್ಸಿದಾನೆ ಅಂದ್ಕೊಂಡೆ" ಅಂದರು.

ಮೊದಲನೇ ವಿಡಿಯೋ ಹಾಕಿದೆ. ಹಿಂದಿನ ನೀರು, ಮರ ಎಲ್ಲ ಮಂಜಾಗಿ ಚೆಂದವೇ ಇತ್ತು. ಆದರೆ ನನ್ನ ಒಂದೊಂದು ಹೆಜ್ಜೆಗೂ ಇಡೀ ಕೆರೆಯೇ ಕುಣಿಯುತ್ತಿತ್ತು. ಗೌರಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

"ಇದ್ರಲ್ಲಿ ಅಲುಗಾಡ್ತಿರೋದು ನಾನಾ, ನಿನ್ನ ಕ್ಯಾಮೆರಾನಾ?"

"ನಂಗೂ ಗೊತ್ತಾಗ್ತಿಲ್ಲ ಆಂಟಿ" ಅಂದೆ. ಅವರು ನಕ್ಕರು.

ಎರಡನೆಯದರಲ್ಲಿ ಬೇಲಿ, ಮರ, ದಾರಿ ಎಲ್ಲ ನಿಂತಲ್ಲೇ ನಿಂತಿದ್ದವು. ಅವರೊಬ್ಬರೇ ನಡೆಯುತ್ತಿದ್ದರು. ಎಡಗಾಲು ಊರಿದಾಗಲೆಲ್ಲ ಮೈ ಎಡಕ್ಕೆ ವಾಲಿ, ತಲೆಯೂ ಅದರ ಜೊತೆಗೇ ವಾಲುತ್ತಿತ್ತು. ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ಗೌರಮ್ಮನ ನಗು ನಿಂತಿತು. ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು.

"ಅಯ್ಯೋ, ಹೌದಲ್ಲ. ನಂಗೆ ಒಳಗಿಂದ ನೆಟ್ಟಗೆ ನಡೆದಂಗೇ ಅನ್ಸತ್ತಲ್ಲಮ್ಮ."

ಸುಮ್ಮನೆ ಯಾರದೋ ಆಸೆಗೆ ಕಲ್ಲು ಹಾಕಿದೆನಲ್ಲ ಅನ್ನಿಸಿ, ಮತ್ತೆ ಡಿಲೀಟ್ ಮಾಡಲು ಹೋದೆ. ಅವರು ನನ್ನ ಕೈ ಹಿಡಿದುಕೊಂಡರು.

"ಯಾಕ್ ಅಳಿಸ್ತೀಯ? ಮನೇಲಿ ಎಲ್ರೂ ಬಾಯಲ್ಲಿ ಹೇಳಿದ್ರು. ಕಣ್ಣಿಗೆ ತೋರ್ಸಿದ್ದು ನೀನೊಬ್ಳೇ. ನನ್ ಮೊಬೈಲಿಗೆ ಹಾಕು. ಎಕ್ಸರ್‌ಸೈಜ್ ಮಾಡ್ಸೋ ಡಾಕ್ಟ್ರಮ್ಮಂಗೆ ತೋರಿಸ್ತೀನಿ. ಹಬ್ಬಕ್ಕೆ ಇನ್ನೂ ಟೈಮೈತೆ."

ಮನೆಗೆ ಬಂದು ಎರಡೂ ವಿಡಿಯೋ ಹಾಕಿದಾಗ ಪ್ರವೀಣ, "ನೋಡಿ ಅಕ್ಕ, ಮೊದಲನೇದ್ರಲ್ಲಿ ಹಿಂದೆ ಎಷ್ಟು ಚೆನ್ನಾಗಿದೆ!" ಅಂದ. "ಹಿಂದೆ ಇರೋದು ಇರ್ಲಿ, ಮುಂದೆ ನಡೀತಿರೋರನ್ನ ನೋಡೋ" ಅಂದೆ. ಅವನು ಎರಡನೆಯದನ್ನು ಮತ್ತೊಂದು ಸಲ ಹಾಕಿಕೊಂಡು ನೋಡಿದ. ಬೆಳಕು ಕಡಿಮೆ ತೆಗೆದುಕೊಂಡರೂ ಇರಲಿ ಅಂತ ಅಲುಗದ ಲೆನ್ಸನ್ನೇ ಕೊಂಡೆ.

ಆಮೇಲೆ ಗೌರಮ್ಮನದೇ ಫೋನು. "ಬಾರಮ್ಮ, ಇನ್ನೊಂದು ಸಲ ತೆಗಿ." ಅವರ ಮನೆ ತಾರಸಿಯ ಮೇಲೆ, ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಅಕ್ಕಿ ತುಂಬಿದ ತಟ್ಟೆ ಹೊತ್ತು ನಡೆಯುತ್ತಿದ್ದರು. ಸೊಸೆ ರೂಪಾ ಪಕ್ಕದಲ್ಲೇ ಕೈ ಚಾಚಿಕೊಂಡು ಹೆಜ್ಜೆ ಹಾಕುತ್ತಿದ್ದಳು. ಹೀಗೆ ಆಗಾಗ ಹೋಗಿ ತೆಗೆದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅತ್ತೆ ಸೊಸೆ ಇಬ್ಬರೂ ನೋಡುತ್ತಿದ್ದರು. ವಾಲುವುದು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಬಂತು. ಮಗ ಮಾತ್ರ ದೂರದಲ್ಲೇ ನಿಂತು ನೋಡಿ ಕೆಳಗಿಳಿದು ಹೋಗುತ್ತಿದ್ದ.

ಹಬ್ಬದ ಸಂಜೆ ಮನೆಯಿಂದ ಹೊರಟದ್ದು ಗೌರಮ್ಮನೇ. ತಂಬಿಟ್ಟಿನ ಮೇಲೆ ಮಲ್ಲಿಗೆ, ಕನಕಾಂಬರ, ನಡುವೆ ದೀಪ. ಬೀದಿ ತುಂಬ ಆರತಿ ಹೊತ್ತ ಹೆಂಗಸರು, ಕಿವಿಗಡಚಿಕ್ಕುವ ತಮಟೆ. ನಾನು ಅವರ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ತೆಗೆಯುತ್ತಿದ್ದೆ. ಹಿಂದೆಲ್ಲ ಅವರು ಕೈ ಬಿಟ್ಟು ಹೊರುತ್ತಿದ್ದರಂತೆ. ಈ ಸಲ ಒಂದು ಕೈಯಲ್ಲಿ ತಟ್ಟೆ ಹಿಡಿದಿದ್ದರು. ಗುಡಿಯ ತಿರುವಿನಲ್ಲಿ ಪೈಪಿಗಾಗಿ ಅಗೆದು ಅರೆಬರೆ ಮುಚ್ಚಿದ ರಸ್ತೆ. ಗೌರಮ್ಮ ನಿಂತುಬಿಟ್ಟರು. ಹಿಂದಿನವರು ನೂಕುತ್ತಿದ್ದಾರೆ. ಕ್ಯಾಮೆರಾ ಕೆಳಗಿಟ್ಟು ಅವರನ್ನು ಹಿಡಿಯಲೇ ಅಂದುಕೊಳ್ಳುವಷ್ಟರಲ್ಲಿ ಅವರ ಮಗ ಗುಂಪು ಸೀಳಿಕೊಂಡು ಬಂದ. ಎರಡೂ ಕೈ ಅಗಲಿಸಿ ಜನರನ್ನು ತಡೆದು, "ನಿಧಾನಕ್ಕೆ ಬಾರಮ್ಮ, ಯಾರೂ ಓಡ್ಸಲ್ಲ ನಿನ್ನ" ಅಂದ. ಅವರು ಬಲಗಾಲು ಇಟ್ಟು, ಎಡಗಾಲು ಎತ್ತಿ ದಾಟಿದರು. ದೀಪ ಆರಲಿಲ್ಲ.

ಮುಂದಿನ ವಾರ ಅವರ ಮನೆಯ ಟಿ.ವಿ.ಯಲ್ಲಿ ಎಲ್ಲರೂ ಕೂತು ಆ ವಿಡಿಯೋ ನೋಡಿದೆವು. ಮಗ ಅಮ್ಮನ ಕಾಲ ಬಳಿಯೇ ನೆಲದ ಮೇಲೆ ಕೂತಿದ್ದ. ಗೌರಮ್ಮ ಎದ್ದು ಹೋಗಿ ಟಿ.ವಿ. ಮೇಲೆ ಬೆರಳಿಟ್ಟು, "ಇಲ್ಲಿ ನೋಡು, ಇನ್ನೂ ಒಂಚೂರು ವಾಲ್ತೀನಿ" ಅಂದರು.

"ಯಾರಿಗೂ ಗೊತ್ತಾಗಲ್ಲ ಬಿಡಿ ಅತ್ತೆ" ಅಂದಳು ರೂಪಾ.

"ನಂಗೊತ್ತಾಗತ್ತಲ್ಲ" ಅಂದ ಗೌರಮ್ಮ, ವಾಪಸು ಬಂದು ನನ್ನ ಪಕ್ಕದಲ್ಲಿ ಕೂತು, "ಇರ್ಲಿ ಬಿಡು. ಅದೂ ನಂದೇ ನಡಿಗೆ" ಅಂತ ಹೇಳಿ ನನ್ನ ಕೈಗೆ ದೊಡ್ಡದೊಂದು ತಂಬಿಟ್ಟಿನ ಉಂಡೆ ಇಟ್ಟರು.

ಇಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಎಲ್ಲರನ್ನೂ ಚೆಂದ ಕಾಣಿಸಿದ್ದೇನೆ. ಅದಕ್ಕೆಂದೇ ಕರೆಯುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಕ್ಕೆ ಒಬ್ಬರು ನನ್ನನ್ನು ಮನೆಮಗಳ ಹಾಗೆ ಪಕ್ಕದಲ್ಲಿ ಕೂರಿಸಿಕೊಂಡದ್ದು ಅದೇ ಮೊದಲು. ಆ ಸಂತೋಷ ಇನ್ನೂ ಹಾಗೇ ಇದೆ.