ಟ್ರ್ಯಾಕ್ಟರ್ ನಿಲ್ಲಿಸಿದವಳು ಹೇಳಿದ್ದು, ಹೇಳದ್ದು

ನಾನು ನಿಂತಿದ್ದದ್ದು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯ ಎಡಗಡೆ, ಊರು ದಾಟಿದ ಮೇಲೆ ಸಿಗುವ ಇಳಿಜಾರಿನಲ್ಲಿ, ಒಂದು ಪಂಕ್ಚರ್ ಅಂಗಡಿಯ ಮುಂದೆ, ಡಾಂಬರಿನ ಅಂಚಿನಿಂದ ಮೂರು ಹೆಜ್ಜೆ ಒಳಗೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಬಿಳಿಜೋಳದ ಕೊಯ್ಲು ಮುಗಿದಿತ್ತು. ಸೋಮವಾರ, ಹನ್ನೊಂದಕ್ಕೆ ಹತ್ತು ನಿಮಿಷ ಕಡಿಮೆ. ನನ್ನ ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತಿತ್ತು, ಅದನ್ನು ಕಳೆದೇ ಹೇಳುತ್ತಿದ್ದೇನೆ.

ಆಗ ನಾನು ಹೊಲ ಅಳೆಯುವ ಕೆಲಸದಲ್ಲಿದ್ದೆ. ಒಂದು ಗೇಣು ಆಚೀಚೆಯಾದರೆ ಅಣ್ಣ ತಮ್ಮಂದಿರು ಕುಡಗೋಲು ಹಿಡಿದು ನಿಲ್ಲುವುದನ್ನು ಕಂಡಿದ್ದೆ. ಹಾಗಾಗಿ ಯಾವುದನ್ನೂ ಅಂದಾಜಿನ ಮೇಲೆ ಹೇಳಬಾರದು ಎಂಬುದು ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲಿ ಇದಕ್ಕೆ ನಗುತ್ತಿದ್ದರು. ಅಕ್ಕ ಸಾರಿಗೆ ಉಪ್ಪು ಸರಿಯಿದೆಯೇ ಎಂದು ನನ್ನನ್ನು ಕೇಳುತ್ತಿರಲಿಲ್ಲ; ಕೇಳಿದರೆ ಊಟ ತಡವಾಗುತ್ತದೆ ಎನ್ನುತ್ತಿದ್ದಳು.

ಅಂಗಡಿಯ ಚಾಚಾ ನನ್ನ ಸೈಕಲ್ಲಿನ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ನನ್ನ ಬಲಗಡೆ ಏಳು ಹೆಜ್ಜೆ ದೂರದಲ್ಲಿ, ಸವದತ್ತಿ ಕಡೆ ಮುಖ ಮಾಡಿ, ಟ್ರೇಲರ್ ಕಟ್ಟಿದ ಒಂದು ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನಲ್ಲಿ ಕುಬಸದ, ಅಂದರೆ ಸೀಮಂತದ, ಸಾಮಾನು ತೆಗೆದುಕೊಂಡು ಬಸುರಿ ಮಗಳ ಊರಿಗೆ ಹೊರಟಿದ್ದ ಹೆಂಗಸರು. ಮಕ್ಕಳನ್ನು ಬಿಟ್ಟು ಹದಿನಾಲ್ಕು ಜನ. ಹೋಳಿಗೆ, ಕರ್ಚಿಕಾಯಿ ತುಂಬಿದ ಬುಟ್ಟಿಗಳು ಬೇರೆ. ಡ್ರೈವರ್ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ.

ಬ್ಯಾಟರಿ ಸತ್ತ ಟ್ರ್ಯಾಕ್ಟರನ್ನು ನಮ್ಮ ಕಡೆ ಇಳಿಜಾರಿನಲ್ಲೇ ನಿಲ್ಲಿಸುತ್ತಾರೆ. ಹೊರಡುವಾಗ ಗಾಲಿಗೆ ಕೊಟ್ಟ ಕಲ್ಲು ತೆಗೆದರೆ ಸಾಕು, ತಾನೇ ಉರುಳುತ್ತದೆ. ಉರುಳುವಾಗ ಗೇರು ಹಾಕಿದರೆ ಚಾಲೂ ಆಗುತ್ತದೆ. ಈ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳಿಗೂ ಒಂದೊಂದು ಕಲ್ಲು ಕೊಟ್ಟಿದ್ದರು.

ಇಲ್ಲಿಯವರೆಗಿನದನ್ನು ನಾನು ನೂರು ಸಲ ಹೇಳಿದ್ದೇನೆ. ಮುಂದಿನ ಐದು ಸಾಲನ್ನು ಒಮ್ಮೆಯೂ ಹೇಳಿಲ್ಲ.

ಚಾಚಾ ತಲೆ ಎತ್ತದೆ ಕೈ ಚಾಚಿ, "ಸಾಹೇಬ್ರ, ಸೈಕಲ್ಲಿಗೆ ಆನಿಸಾಕ ಒಂದ್ ಕಲ್ಲ್ ಕೊಡ್ರಿ" ಅಂದರು. ನಾನು ಸುತ್ತ ನೋಡಿದೆ. ಹತ್ತಿರದಲ್ಲಿ ಚಪ್ಪಟೆಯಾದ, ಒಳ್ಳೆಯ ಕಲ್ಲು ಇದ್ದದ್ದು ಟ್ರ್ಯಾಕ್ಟರಿನ ಎಡಗಾಲಿಯ ಮುಂದೆ. ಭಾರವೆಲ್ಲ ಇನ್ನೊಂದು ಕಲ್ಲಿನ ಮೇಲಿತ್ತೋ ಏನೋ, ಇದು ಸಲೀಸಾಗಿ ಕೈಗೆ ಬಂತು. ತಂದು ಕೊಟ್ಟೆ.

ಅರ್ಧ ನಿಮಿಷದ ಮೇಲೆ ಬಲಗಾಲಿಯ ಕಲ್ಲು ಚಿಮ್ಮಿದ ಸದ್ದು ಕೇಳಿಸಿತು. ಟ್ರ್ಯಾಕ್ಟರ್ ಹೊರಟಿತು. ಮೊದಲು ಮುದುಕರು ನಡೆದಂತೆ, ಆಮೇಲೆ ಹರೆಯದವರು ನಡೆದಂತೆ. ಟ್ರೇಲರಿನವರು ಡ್ರೈವರ್ ಹತ್ತಿದ್ದಾನೆ ಎಂದುಕೊಂಡು ಮಾತಾಡುತ್ತಲೇ ಇದ್ದರು.

ಇಳಿಜಾರಿನ ಕೆಳಗೆ, ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಕೈಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಇದ್ದಳು. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸು. ಹಸಿರು ಇಳಕಲ್ ಸೀರೆ. ಅವಳು ಚೀಲ ಕೆಳಗಿಟ್ಟಳು. ಎಸೆಯಲಿಲ್ಲ, ಇಟ್ಟಳು. ಸೆರಗು ಸೊಂಟಕ್ಕೆ ಸಿಗಿಸಿದಳು. ಟ್ರ್ಯಾಕ್ಟರ್ ಪಕ್ಕಕ್ಕೆ ಬರುತ್ತಲೇ ನಾಲ್ಕು ಹೆಜ್ಜೆ ಅದರ ಜೊತೆ ಓಡಿ, ಮೆಟ್ಟಿಲ ಮೇಲೆ ಕಾಲಿಟ್ಟು, ಸೀಟಿನ ಮೇಲಿದ್ದಳು. ಬ್ರೇಕ್ ತುಳಿದಳು, ಅದು ಹಿಡಿಯಲಿಲ್ಲ. ಕ್ಲಚ್ ಒತ್ತಿ ಗೇರು ಹಾಕಿದಳು, ಕಾಲು ಬಿಟ್ಟಳು. ಎಂಜಿನ್ ಎರಡು ಸಲ ಕೆಮ್ಮಿತು. ಟ್ರ್ಯಾಕ್ಟರ್ ಜಗ್ಗಿ ನಿಧಾನವಾಯಿತು. ಸ್ಟೇರಿಂಗ್ ಎಡಕ್ಕೆ ತಿರುವಿ, ರಂಟೆ ಹೊಡೆದಿದ್ದ ಪಕ್ಕದ ಹೊಲಕ್ಕೆ ಇಳಿಸಿದಳು. ಮೆತ್ತನೆ ಎರೆಮಣ್ಣಿನಲ್ಲಿ ಮುಂಗಾಲಿ ಹೂಳುತ್ತಲೇ ಗೇರು ತೆಗೆದಳು, ಎಲ್ಲವೂ ನಿಂತಿತು. ಆಮೇಲೆ ಅಳೆದೆ: ರಸ್ತೆ ಬಿಟ್ಟು ಹತ್ತೊಂಬತ್ತು ಹೆಜ್ಜೆ.

ಎಂಜಿನ್ ಮಾತ್ರ ನಿಂತಿರಲಿಲ್ಲ. ಚಾಲೂ ಆಗಿಬಿಟ್ಟಿತ್ತು. ಚಹಾದ ಬಸಿ ಹಿಡಿದುಕೊಂಡೇ ಓಡಿ ಬಂದ ಡ್ರೈವರ್ ಮೊದಲು ಆಡಿದ ಮಾತು, "ಬಂದ್ ಮಾಡಬ್ಯಾಡವ್ವಾ, ಮತ್ತ ಚಾಲೂ ಆಗೂದಿಲ್ಲ!"

ಒಂದು ಬುಟ್ಟಿ ಕರ್ಚಿಕಾಯಿ ಮಣ್ಣುಪಾಲಾಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಹೆಂಗಸರು ಕೆಳಗಿಳಿದು ಸ್ವಲ್ಪ ಹೊತ್ತು ಅತ್ತರು. ಅತ್ತು ಮುಗಿಸಿ ಅವಳನ್ನು ಸುತ್ತುವರಿದು ವಿಚಾರಣೆಗೆ ಕುಳಿತರು. ನಾನು ಆರು ಹೆಜ್ಜೆ ದೂರದಲ್ಲಿ ಒಡ್ಡಿನ ಮೇಲೆ ಕುಳಿತಿದ್ದೆ. ಎಲ್ಲ ಕೇಳಿಸುತ್ತಿತ್ತು.

"ಯಾವ ಊರವ್ವಾ ನಮ್ಮವ್ವಾ ನೀ?" ಅಂದಳು ಅವರಲ್ಲಿ ಹಿರಿಯಳಾದ ಮುದುಕಿ.

"ಊರು ಬಿಡ್ರಿ. ನಮ್ಮನ್ಯಾಗ ನಾಕ ಎಮ್ಮಿ ಅದಾವ. ಒಂದು ಮೊನ್ನೆ ಈದೈತಿ."

"ಮಕ್ಕಳು?"

"ಎರಡು. ದೊಡ್ಡಾವ ಕೋಳಿ ಕಂಡ್ರ ಅಂಜತಾನ."

"ಅತ್ತಿ ಮಾವ?"

"ಅತ್ತಿಗೆ ಮೊಣಕಾಲ ಬ್ಯಾನಿ. ಮಾವಗ ಮಧ್ಯಾಹ್ನ ಊಟ ಆಗಿ ಎರಡ ತಾಸ ನಿದ್ದಿ ಆಗಲೇಬೇಕು."

ಹೀಗೆ ಎಮ್ಮೆ, ಮೊಣಕಾಲು, ನಿದ್ದೆ, ತನಗೆ ಬದನೆಕಾಯಿ ಸೇರುವುದಿಲ್ಲ ಎಂಬುದು, ಎಲ್ಲ ಹೇಳಿದಳು. ತನ್ನ ಹೆಸರು ಕೇಳಿದಾಗ ತವರಿನಲ್ಲಿ ಇಟ್ಟ ಹೆಸರು ಹೇಳಿದಳು. ಮದುವೆಯಲ್ಲಿ ಹೆಸರು ಬದಲಿಸುವುದು ನಮ್ಮಲ್ಲಿ ರೂಢಿ. ಗಂಡನ ಊರಲ್ಲಿ ಆ ಹೆಸರು ಹಿಡಿದು ಹುಡುಕಿದರೆ ಯಾರೂ ಸಿಗುವುದಿಲ್ಲ. ಅಲ್ಲದೆ ಆ ಹೆಸರಿನವರು ನಮ್ಮ ಕಡೆ ಓಣಿಗೆ ನಾಲ್ಕು ಜನ ಇದ್ದಾರೆ.

"ಗಂಡನ ಹೆಸರರ ಹೇಳು!"

"ಅಯ್ಯ, ಗಂಡನ ಹೆಸರ ಬಾಯಿಲೆ ಹೆಂಗ ಹೇಳಲ್ರಿ?" ಎಂದು ಸೆರಗು ತುಟಿಗೆ ಒತ್ತಿಕೊಂಡಳು. ಹತ್ತು ನಿಮಿಷದ ಹಿಂದೆ ಓಡುವ ಟ್ರ್ಯಾಕ್ಟರ್ ಹತ್ತಿದವಳ ನಾಚಿಕೆ ಅದು.

"ಒಡಪ ಹಾಕಿ ಹೇಳವ್ವಾ!" ಒಡಪಿನ ಪ್ರಾಸದೊಳಗೆ ಸೇರಿಸಿ ಗಂಡನ ಹೆಸರು ಹೇಳಿದರೆ ತಪ್ಪಿಲ್ಲ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದುಕೊಂಡೆ. ಅವಳು ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು:

"ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಮ್ಯಾಲ ಬೆಣ್ಣಿ ಮುದ್ದಿ,
ಹೊಲದಾಗ ನಿಂತು ಹೆಸರ ಕೇಳಾವ್ರಿಗೆ ಎಲ್ಲೈತ್ರಿ ಬುದ್ಧಿ!"

ಹದಿನಾಲ್ಕು ಜನವೂ ನಕ್ಕರು. ನಗು ಇಳಿದ ಮೇಲೆ ಅವಳು ಮುದುಕಿಯ ಕೈ ಹಿಡಿದು ಸಣ್ಣ ದನಿಯಲ್ಲಿ ಅಂದಳು: "ಕೇಳಬ್ಯಾಡ್ರಿ ಯವ್ವಾ. ನಾ ಟ್ರ್ಯಾಕ್ಟರ್ ಹೊಡಿಯೂದು ಮಾವಗ ಗೊತ್ತಿಲ್ಲ. ಗೊತ್ತಾದ್ರ ನಾಳಿಂದ ಕೀಲಿ ಕೈಗೆ ಸಿಗೂದಿಲ್ಲ." ಆ ಕೈಯ ಮೇಲೆ, ಬಲಗೈ ಮಣಿಕಟ್ಟಿನಲ್ಲಿ, ಮೂರು ಹಚ್ಚೆಯ ಚುಕ್ಕಿಗಳಿದ್ದವು. ಅಷ್ಟರಲ್ಲಿ ಸವದತ್ತಿ ಬಸ್ಸು ಬಂತು. ಚೀಲ ಎತ್ತಿಕೊಂಡು ಹೊರಟವಳು ನನ್ನ ಮುಂದೆ ಹಾಯುವಾಗ ಒಂದು ಕ್ಷಣ ನಿಂತು ನನ್ನನ್ನು ನೋಡಿದಳು, ಪಂಕ್ಚರ್ ಅಂಗಡಿಯ ಕಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಬಸ್ಸು ಹತ್ತಿದಳು.

ಆಮೇಲೆ ನಾನು ಇದನ್ನು ಕಂಡಕಂಡವರಿಗೆ ಹೇಳಿದೆ. ಅಳತೆಗೆ ಹೋದ ಊರುಗಳಲ್ಲಿ ಹೇಳಿದೆ, ಕಿತ್ತೂರಿನ ಹೈವೇ ಮೇಲಿನ ಚಹಾದಂಗಡಿಯಲ್ಲಿ ಲಾರಿಯವರಿಗೆ ಹೇಳಿದೆ. ಅವಳು ಹಾಗೆ ಬೇಡಿಕೊಂಡಿದ್ದರೂ ಹೆಸರು, ಊರು ಗೊತ್ತಿಲ್ಲದ ಮೇಲೆ ಹೇಳಿದರೇನು ಎಂದು ಸಮಾಧಾನ ಮಾಡಿಕೊಂಡಿದ್ದೆ. ಮೂರು ತಿಂಗಳಲ್ಲಿ ಅದೇ ಕತೆಯನ್ನು ಕಿತ್ತೂರಿನಲ್ಲಿ ಒಬ್ಬ ನನಗೇ ಹೇಳಿದ. ಅದರಲ್ಲಿ ಅವಳು ಟ್ರ್ಯಾಕ್ಟರನ್ನು ಒಂದೇ ಕೈಯಿಂದ ಹಿಡಿದು ನಿಲ್ಲಿಸಿದ್ದಳು.

ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಮುಖವಾಡ ಹಾಕಿದ ವೀರನೊಬ್ಬ ಹಾರಿ ಬರುತ್ತಿದ್ದ. ಅಕ್ಕ ಬೆಳ್ಳುಳ್ಳಿ ಸುಲಿಯುತ್ತ ನೋಡುತ್ತಿದ್ದಳು. "ಮಾರಿ ಅಷ್ಟ ಮುಚ್ಚಿಕೊಂಡಾನ, ಉಳಿದದ್ದೆಲ್ಲಾ ತೋರಿಸ್ಯಾನ. ಇವಗ ಅಂಜಿಕಿ ಯಾರದ?" ಅಂದಳು.

"ವೈರಿಗಳದು" ಅಂದೆ.

"ವೈರಿಗೆ ಅಂಜಾವ ಹಿಂಗ ಕೆಂಪ ಚಡ್ಡಿ ಹಾಕ್ಕೊಂಡ ಅಡ್ಡಾಡತಾನೇನು? ಮನ್ಯಾಗ ಯಾರೋ ಹಿರ್ಯಾರು ಇರಬೇಕು."

ಅಕ್ಕ ಹೇಳಿದ್ದು ಎಷ್ಟು ಸರಿ ಎಂದು ತಿಳಿಯಲು ನನಗೆ ಇನ್ನೂ ಒಂದು ವರ್ಷ ಬೇಕಾಯಿತು.

ಸೋದರಮಾವ ನನಗೆ ಹೆಣ್ಣು ತೋರಿಸಲು ರಾಮದುರ್ಗಕ್ಕೆ ಕರೆದುಕೊಂಡು ಹೋದ. ಮಲಪ್ರಭೆಯ ದಂಡೆಗೆ ಹೊಲವಿದ್ದ ಮನೆ. ಅಂಗಳದ ಬೇವಿನ ಮರದ ಕೆಳಗೆ ಒಂದು ಟ್ರ್ಯಾಕ್ಟರ್. ಹುಡುಗಿಯ ಅಪ್ಪ ಬಿಳಿಮೀಸೆಯ ದೊಡ್ಡ ಮನುಷ್ಯ. ಟ್ರ್ಯಾಕ್ಟರಿನ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರು. ಹುಡುಗಿ ಬಂದು ಕುಳಿತಳು, ಹೋದಳು. ನಾನು ಒಂದು ಮಾತೂ ಆಡಲಿಲ್ಲವೆಂದು ಸೋದರಮಾವನಿಗೆ ಚಿಂತೆಯಾಯಿತು. "ನಮ್ಮ ಹುಡುಗ ಒಂದ ಮಜಾ ಸಂಗತಿ ಕಣ್ಣಾರೆ ನೋಡ್ಯಾನ್ರಿ. ಹೇಳೋ" ಎಂದ.

ನಾನು ಎಂದಿನಂತೆ ಶುರು ಮಾಡಿದೆ. ಎಡಬದಿ, ಮೂರು ಹೆಜ್ಜೆ, ಹನ್ನೊಂದಕ್ಕೆ ಹತ್ತು ಕಡಿಮೆ. ಬಿಳಿಮೀಸೆಯ ಹಿರಿಯರು ಮುಂದಕ್ಕೆ ಬಾಗಿ ಕೇಳತೊಡಗಿದರು. ಸೀರೆಯ ಬಣ್ಣ ಹೇಳಿದೆ. "ಬಲಗೈ ಮಣಿಕಟ್ಟಿನ ಮ್ಯಾಲ..." ಅನ್ನುವಷ್ಟರಲ್ಲಿ ಒಗ್ಗರಣೆ ಅವಲಕ್ಕಿಯ ತಾಟು ಹಿಡಿದ ಒಂದು ಬಲಗೈ ನನ್ನ ಮುಂದೆ ಬಂತು. ಮೂರು ಚುಕ್ಕಿ. ಮೇಲೆ ನೋಡಿದೆ. ಮನೆಯ ಸೊಸೆ. ಅವಳೇ.

ತಾಟು ಅಲುಗಲಿಲ್ಲ. ಅವಳ ಮುಖ ಮಾತ್ರ ಬಿಳಚಿಕೊಂಡಿತ್ತು.

"ಮಣಿಕಟ್ಟಿನ ಮ್ಯಾಲ ಏನಿತ್ರಿ?" ಹಿರಿಯರು ಕೇಳಿದರು.

ಒಂದು ಗೇಣು ತಪ್ಪಿ ಹೇಳದ ನಾಲಿಗೆ ನನ್ನದು. "ಗಡಿಯಾರ" ಅಂದೆ.

"ಹೆಂಗಸ್ರು ಬಲಗೈಗೆ ಗಡಿಯಾರ ಕಟ್ಟತಾರೇನು?"

"ಈಕಿ ಕಟ್ಟಿದ್ಲರಿ. ಸಾಲಿ ಮಾಸ್ತರಿಣಿ ಇರಬೇಕು. ಕನ್ನಡಕ ಇತ್ತು."

"ಎತ್ತರ?"

"ಐದ ಅಡಿ ಒಂಬತ್ತ ಇಂಚ."

ಸೋದರಮಾವ ನನ್ನನ್ನು ವಿಚಿತ್ರವಾಗಿ ನೋಡಿದ. ಅವನು ಕೇಳಿದ್ದ ಕತೆಯಲ್ಲಿ ಕನ್ನಡಕ ಇರಲಿಲ್ಲ. ಸೊಸೆಯ ಮುಖಕ್ಕೆ ಮೆಲ್ಲಗೆ ಬಣ್ಣ ಮರಳಿತು. ಬಣ್ಣದ ಜೊತೆ ತುಂಟತನವೂ ಬಂತು. ತಾಟು ಕೆಳಗಿಟ್ಟು, ಬಾಗಿಲಿಗೆ ಆನಿಕೊಂಡು, ಕೂಸಿನಂಥ ಮುಖ ಮಾಡಿ ಕೇಳಿದಳು: "ಅಲ್ಲರಿ, ನಿಂತ ಟ್ರ್ಯಾಕ್ಟರ್ ತಾನ ಹೆಂಗ ಉರುಳಿತ್ರಿ?"

"ಗಾಳಿ ಇತ್ತರಿ" ಅಂದೆ.

"ಗಾಳಿಗೆ ಟ್ರ್ಯಾಕ್ಟರ್?" ಹಿರಿಯರ ಹುಬ್ಬು ಏರಿತು.

"ಬೈಲಹೊಂಗಲದ ಗಾಳಿ ಭಾಳ ಜೋರ ಮಾವಾ" ಅಂದಳು ಸೊಸೆ. "ನಾ ಕೇಳೇನಿ."

ಹಿತ್ತಲಲ್ಲಿ ಕೈ ತೊಳೆಯುವಾಗ ಅವಳೇ ನೀರು ಹಾಕಿದಳು. "ನೀವು ಕಲ್ಲ ಎತ್ತೂದು ಕೆಳಗಿಂದ ಸಾಫ್ ಕಾಣತಿತ್ತರಿ" ಅಂದಳು. ನಾನು ಬಾಗಿಲ ಕಡೆ ತಿರುಗಿ ನೋಡಿದೆ. "ಅಂಜಬ್ಯಾಡ್ರಿ. ನೀವು ಒಂದು ಮುಚ್ಚಿದ್ರಿ, ನಾ ಒಂದು ಮುಚ್ಚಿದೆ. ಇನ್ನ ನಮ್ಮ ಹುಡುಗಿನ್ನ ಒಲ್ಲೆ ಅನ್ನಬ್ಯಾಡ್ರಿ ಮತ್ತ."

ಒಲ್ಲೆ ಅನ್ನಲಿಲ್ಲ. ಹೀಗೆ ಅವಳು ನನ್ನ ಹೆಂಡತಿಯ ವೈನಿ, ಅಂದರೆ ಅಣ್ಣನ ಹೆಂಡತಿ, ಆದಳು. ಅವಳ ಮಾವ ಮಲಗಿದ ಆ ಎರಡು ತಾಸಿನಲ್ಲಿ ಅವಳ ಗಂಡ ಉಡದಾರದಿಂದ ಕೀಲಿ ಬಿಚ್ಚಿ ತಂದು ನದಿದಂಡೆಯ ಹೊಲದಲ್ಲಿ ಅವಳಿಗೆ ಕಲಿಸಿದ್ದನಂತೆ. ಹಾಗಾಗಿ ಗಂಡನ ಹೆಸರು ಹೇಳದಿದ್ದದ್ದು ನಾಚಿಕೆಗಲ್ಲ. ಜೊತೆಯ ಕಳ್ಳನನ್ನು ಕಾಯುವುದಕ್ಕೆ.

ಎರಡು ಸಾವಿರದ ಈಚೆ ಒಂದು ಸುಗ್ಗಿಯಲ್ಲಿ ನನ್ನ ಮಾವ, ಅಂದರೆ ಆ ಹಿರಿಯರು, ಕಾಳು ತುಂಬಿಡುವ ಹಗೇವಿನ ಗುಂಡಿಯ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮಗ ಊರಲ್ಲಿರಲಿಲ್ಲ. ರಾಶಿ ಹೊಲದಲ್ಲಿತ್ತು, ಮೋಡ ಕವಿಯುತ್ತಿತ್ತು. ಆ ದಿನ ನಾನು ಅವರ ಹೊರಸಿನ ಪಕ್ಕದಲ್ಲಿ, ತಲೆಯ ಕಡೆ ಕುಳಿತಿದ್ದೆ. ಅವರು ಉಡದಾರದಿಂದ ಕೀಲಿ ಬಿಚ್ಚಿ ಸೊಸೆಯ ಕಡೆ ಚಾಚಿದರು.

"ನನಗೇನ ಬರತೈತ್ರಿ ಮಾವಾ?" ಅಂದಳು ಅವಳು, ಇನ್ನೂ ಬಿಡದೆ.

"ಸೀಟ ಮುಂದ ಸರಸ್ಕೊಂಡ ಹೊಡಿ. ದಿನಾ ಸರಸ್ಕೊಂಡ ಹೊಡೀತಿದ್ದಿ, ಹಿಂದ ಸರಸೂದು ಮರೀತಿದ್ದಿ. ಹತ್ತ ವರ್ಷದಿಂದ ನನ್ನ ಮೊಣಕಾಲ ಸ್ಟೇರಿಂಗಿಗೆ ಬಡೀತಾವ."

ಅವಳು ಕೀಲಿ ತೆಗೆದುಕೊಂಡು ಅಂಗಳಕ್ಕೆ ಓಡಿದಳು. ಗೊತ್ತಿದ್ದೂ ಏಕೆ ಸುಮ್ಮನಿದ್ದಿರಿ ಎಂದು ನಾನು ಆಮೇಲೆ ಕೇಳಿದೆ. "ಗೊತ್ತೈತಿ ಅಂದ್ರ ಬ್ಯಾಡ ಅನ್ನಬೇಕಾಗತಿತ್ತು. ನಾ ಹಿರಿಯಾ ಅಲ್ಲೇನು?" ಅಂದರು. ಮತ್ತೆ, "ಐದ ಅಡಿ ಒಂಬತ್ತ ಇಂಚ!" ಎಂದು ಕಾಲುನೋವಿನಲ್ಲೂ ನಕ್ಕರು.

ಈಗ ಅವರಿಲ್ಲ. ಕೀಲಿ ವೈನಿಯ ಕೊರಳ ಸರದಲ್ಲಿ ಪಿನ್ನಿನ ಜೊತೆ ತೂಗುತ್ತದೆ. ಇದನ್ನು ಬರೆಯುತ್ತೇನೆ ಎಂದಾಗ ಎಮ್ಮೆ, ಬದನೆಕಾಯಿ, ಚುಕ್ಕಿ, ಎಲ್ಲ ಬರೆಯಲು ಒಪ್ಪಿದಳು. ಹೆಸರು ಬೇಡ ಅಂದಳು. ಇನ್ನು ಯಾರ ಅಂಜಿಕೆ ಎಂದು ಕೇಳಿದೆ. "ಆ ಕುಬಸದವರು ಹುಡಿಕ್ಕೊಂಡ ಬಂದು ಕರ್ಚಿಕಾಯಿ ಕೇಳತಾರ" ಅಂದಳು.

ಅಂದು ಅದನ್ನು ಕಂಡವರಲ್ಲಿ ಡ್ರೈವರ್ ತೀರಿಕೊಂಡ. ಹಿರಿಯ ಮುದುಕಿಯೂ ಇಲ್ಲ. ಟ್ರೇಲರಿನವರಲ್ಲಿ ನನಗೆ ಗೊತ್ತಿದ್ದಂತೆ ಬದುಕಿರುವವಳು ಒಬ್ಬಳು, ಕರ್ಚಿಕಾಯಿಯ ಬುಟ್ಟಿ ಕಳೆದುಕೊಂಡವಳು. ಸವದತ್ತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಆ ಬುಟ್ಟಿಯ ಮಾತು ಇನ್ನೂ ತೆಗೆಯುತ್ತಾಳೆ. ವೈನಿ ಇದ್ದಾಳೆ. ನಾನಿದ್ದೇನೆ. ಮತ್ತು ಚಾಚಾ ಇದ್ದಾರೆ. ಅಂಗಡಿ ಮಗ ನಡೆಸುತ್ತಾನೆ, ಅವರು ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕುಳಿತಿರುತ್ತಾರೆ. ಅವರು ಗುಳ್ಳೆ ನೋಡುತ್ತಿದ್ದರು, ನನ್ನನ್ನು ನೋಡಿರಲಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಇಳಿದು ಮಾತಾಡಿಸಿದೆ. ಅವರು ಕಾಲಿನಿಂದ ಒಂದು ಚಪ್ಪಟೆ ಕಲ್ಲನ್ನು ನನ್ನ ಕಡೆ ಸರಿಸಿದರು.

"ಕೂಡ್ರಿ ಸಾಹೇಬ್ರ. ನಿಮ್ದ ಐತಿ."